ಚಳಿನಾಡಿನಲ್ಲೂ ಬಿಸಿಯೇರುವ ಲ್ಯಾಪ್‌ಟಾಪ್: ತಂಪಾಗಿರಿಸುವುದು ಹೇಗೆ?

ಕಂಬಳಿ ಹೊದ್ದರೂ ನಡುಕ ನಿಲ್ಲದ ಜನವರಿಯ ಮಡಿಕೇರಿಯಲ್ಲಿ ಲ್ಯಾಪ್‌ಟಾಪ್ ಬಿಸಿಯೇರಿ ತಾನಾಗಿ ಆರಿಹೋಯಿತೆಂದರೆ ಕೇಳಿದವರು ನಗುತ್ತಾರೆ. ಆದರೆ ಹೊರಗಿನ ಚಳಿಗಿಂತ ಯಂತ್ರದೊಳಗೆ ಗಾಳಿ ಆಡುತ್ತಿದೆಯೇ ಎಂಬುದೇ ಇಲ್ಲಿ ಮುಖ್ಯ. ಪ್ರೊಸೆಸರಿನಲ್ಲಿ ಹುಟ್ಟುವ ಶಾಖವನ್ನು ತಾಮ್ರದ ಕೊಳವೆಯು ತೆಳುವಾದ ಲೋಹದ ಪಟ್ಟಿಗಳ ಸಾಲಿಗೆ ಒಯ್ಯುತ್ತದೆ. ಫ್ಯಾನು ಸಾಮಾನ್ಯವಾಗಿ ತಳದ ಕಿಂಡಿಗಳಿಂದ ಗಾಳಿ ಎಳೆದುಕೊಂಡು ಆ ಪಟ್ಟಿಗಳ ಸಂದಿಯ ಮೂಲಕ ಬಿಸಿಯನ್ನು ಹೊರದಬ್ಬುತ್ತದೆ. ಈ ಹಾದಿ ಕಟ್ಟಿಕೊಂಡು ಉಷ್ಣಾಂಶ 95ರಿಂದ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಮೊದಲು ಇಡುವ ಜಾಗವನ್ನು ಸರಿಪಡಿಸಿ. ಹಾಸಿಗೆಯ ಮೇಲಿಟ್ಟರೆ ತಳದ ರಬ್ಬರ್ ಕಾಲುಗಳು ಮೆತ್ತೆಯಲ್ಲಿ ಹೂತು ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಗಟ್ಟಿ ಮೇಜಿನ ಮೇಲಿಟ್ಟು, ಹಿಂದಿನ ಅಂಚಿಗೆ ಮರದ ತುಂಡೊಂದನ್ನು ಕೊಟ್ಟು ಎತ್ತರಿಸಿದರೆ ಸಾಕು. ದುಬಾರಿ ಕೂಲಿಂಗ್ ಪ್ಯಾಡ್ ಕೊಳ್ಳುವ ಅಗತ್ಯ ನನಗೆ ಇದುವರೆಗೆ ಕಂಡಿಲ್ಲ.

ಮುಂದಿನದು ದೂಳು. ನನ್ನ ಮೇಜಿರುವ ಕಿಟಕಿಯಾಚೆಯೇ ಕಾಫಿ ಒಣಗಿಸುವ ಕಣ. ಒಣಗಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಹರವಿ ಕೈಯಾಡಿಸುವಾಗಲೆಲ್ಲ ಕಂದು ದೂಳು ಒಳಗೆ ಬರುತ್ತದೆ. ಎರಡು ಕಾಫಿ ಹಂಗಾಮು ಕಳೆದ ಮೇಲೆ ತಳದ ಮುಚ್ಚಳ ಬಿಚ್ಚಿದಾಗ ಫ್ಯಾನಿಗೂ ಲೋಹದ ಪಟ್ಟಿಗಳಿಗೂ ನಡುವೆ ಕಂಬಳಿಯ ಎಳೆ, ನಾಯಿಯ ಕೂದಲು, ಕಾಫಿ ದೂಳು ಎಲ್ಲ ಹೆಣೆದುಕೊಂಡು ಬೆರಳಿನಗಲದ ಚಾಪೆಯೇ ಆಗಿತ್ತು. ಚಿಮಟದಲ್ಲಿ ಹಿಡಿದೆಳೆದರೆ ಹರಿಯದೆ ಇಡಿಯಾಗಿ ಬಂತು.

ಸ್ವಚ್ಛಗೊಳಿಸುವ ಮುನ್ನ ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಚಾರ್ಜರ್ ತೆಗೆಯಿರಿ. ಮುಚ್ಚಳ ಬಿಚ್ಚಿದ ಮೇಲೆ ಬ್ಯಾಟರಿಯ ತಂತಿಯನ್ನೂ ಕಳಚಿ, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಬ್ರಷ್ಷಿನಿಂದಲೂ ಕೈಪಂಪಿನ ಗಾಳಿಯಿಂದಲೂ ದೂಳು ತೆಗೆಯಿರಿ. ತೋಟದ ವಾಹನಗಳ ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ಮಾತ್ರ ಹತ್ತಿರ ತರಬೇಡಿ: ನಮ್ಮ ತೇವದ ಹವೆಯಲ್ಲಿ ಅದರ ಟ್ಯಾಂಕಿನೊಳಗೆ ನೀರು ಕೂಡಿರುತ್ತದೆ, ಗಾಳಿಯೊಂದಿಗೆ ಹನಿಯೂ ಸಿಡಿಯುತ್ತದೆ.

ದೂಳು ತೆಗೆದರೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್, ಅಂದರೆ ಶಾಖವನ್ನು ತಾಮ್ರದ ಕೊಳವೆಯತ್ತ ದಾಟಿಸುವ ಲೇಪ, ಒಣಗಿರಬಹುದು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಕರಿಮೆಣಸಿನ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟರೆ ಸಾಕು. ಕೈ ನಡುಗುವವರು ಇದನ್ನು ರಿಪೇರಿಯವರಿಗೇ ಬಿಡುವುದು ಲೇಸು.

ವಿಂಡೋಸ್ ಬಳಸುವವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಯಾವ ತಂತ್ರಾಂಶ ಪ್ರೊಸೆಸರನ್ನು ದುಡಿಸುತ್ತಿದೆಯೆಂದು ನೋಡಿ, ಬೇಡದ್ದನ್ನು ಮುಚ್ಚಬಹುದು.

ಮಳೆಗಾಲದ ಮಾತು ಬೇರೆ. ಕೊಡಗಿನ ಕಕ್ಕಡ ಮಾಸದ ಜಡಿಮಳೆಯಲ್ಲಿ ಬಟ್ಟೆಯಂತೆ ಲ್ಯಾಪ್‌ಟಾಪನ್ನೂ ಒಲೆಯ ಬಳಿ ಇಡುವವರನ್ನು ಕಂಡಿದ್ದೇನೆ. ಆ ಶಾಖ ಬ್ಯಾಟರಿಗೆ ಕೇಡು, ಹೊಗೆಯ ಮಸಿ ಫ್ಯಾನಿಗೆ ಅಂಟುತ್ತದೆ. ಬಳಸಿ ಬಿಸಿಯಾದ ಯಂತ್ರವನ್ನು ಸ್ಲೀಪ್‌ನಲ್ಲಿಟ್ಟು ಚೀಲಕ್ಕೆ ತುರುಕದೆ, ಪೂರ್ತಿ ಆರಿಸಿ, ತಣಿದ ಮೇಲೆಯೇ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಒಳಗಿಡಿ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಅದು ಬ್ಯಾಟರಿ ಊದಿರುವ ಲಕ್ಷಣವಾಗಿರಬಹುದು. ಒತ್ತಿ ನೋಡದೆ, ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ ಬ್ಯಾಟರಿ ಬದಲಿಸಿಕೊಳ್ಳಿ.