ಗೋಡೆಯಂಚಿನಲ್ಲಿ ಭೂಮಿಯ ತಿರುಗಾಟ ಅಳೆದದ್ದು

ಭೂಮಿಗೆ ದೈನಂದಿನ ಚಲನೆ, ವಾರ್ಷಿಕ ಚಲನೆ ಎಂದು ಎರಡಿವೆ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಎರಡನ್ನೂ ಒಂದು ಗೋಡೆಯಂಚು, ಒಂದು ನಕ್ಷತ್ರ ಮತ್ತು ಮೊಬೈಲಿನ ಗಡಿಯಾರ ಇಟ್ಟುಕೊಂಡು ಅಳೆಯಬಹುದು. ನಾನು ಅಳೆದದ್ದು ಹಾಗೆ.

ನಕ್ಷತ್ರದ ಆಯ್ಕೆ ಮುಖ್ಯ. ಧ್ರುವದ ಹತ್ತಿರದವು ಆಮೆಗತಿಯಲ್ಲಿ ಸರಿಯುತ್ತವೆ, ಗ್ರಹಗಳು ತಾವೇ ಅಲೆಯುತ್ತವೆ, ಎರಡೂ ಬೇಡ. ನಾನು ಹಿಡಿದದ್ದು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮುಂದೆ ಸಾಗುವ ಮಿಂಟಕವನ್ನು. ಅದು ಹೆಚ್ಚುಕಡಿಮೆ ಆಕಾಶದ ಸಮಭಾಜಕ ವೃತ್ತದ (ಭೂಮಿಯ ಸಮಭಾಜಕಕ್ಕೆ ನೇರ ಮೇಲೆ ಆಕಾಶದಲ್ಲಿ ಕಲ್ಪಿಸಿಕೊಂಡ ವೃತ್ತ) ಮೇಲೆಯೇ ಇರುವುದರಿಂದ ಅದರ ಸರಿತ ಅತಿ ವೇಗದ್ದು: ಗಂಟೆಗೆ 15 ಡಿಗ್ರಿ. ಅದರ ದಾರಿಗೆ ಅಡ್ಡ ಬರುವ, ಚೂಪಾದ ಗೋಡೆಯಂಚೊಂದನ್ನು ಗುರುತಿಸಿಕೊಂಡೆ.

ನಿಜವಾದ ಕೆಲಸ ಕಣ್ಣನ್ನು ಕಟ್ಟಿಹಾಕುವುದು. ಗೋಡೆ ಹತ್ತು ಮೀಟರ್ ದೂರದಲ್ಲಿದ್ದು ಕಣ್ಣು ಒಂದೇ ಒಂದು ಮಿಲಿಮೀಟರ್ ಅತ್ತಿತ್ತ ಸರಿದರೂ ನಕ್ಷತ್ರ ಮರೆಯಾಗುವ ಗಳಿಗೆ ಒಂದು ಸೆಕೆಂಡಿಗೂ ಹೆಚ್ಚು ಹಿಂದುಮುಂದಾಗುತ್ತದೆ. ಅದಕ್ಕಾಗಿ ರಟ್ಟಿನಲ್ಲಿ ಎರಡು ಮಿಲಿಮೀಟರಿನ ತೂತು ಕೊರೆದು, ರಟ್ಟನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ, ತೂತಿಗೆ ಕಣ್ಣಿಟ್ಟು ನೋಡಿದೆ. ತೂತಿಗೂ ಅಗಲವಿದೆಯಲ್ಲ, ಹಾಗಾಗಿ ಬೆಳಕು ಒಮ್ಮೆಗೇ ಆರುವುದಿಲ್ಲ. ಎರಡು ಮೂರು ಸೆಕೆಂಡುಗಳಲ್ಲಿ ಮಂಕಾಗುತ್ತಾ ಹೋಗಿ ಕಾಣೆಯಾಗುತ್ತದೆ. ಪೂರ್ತಿ ಕಾಣದಾದ ಗಳಿಗೆಯನ್ನೇ ಪ್ರತಿ ರಾತ್ರಿ ಬರೆದುಕೊಂಡೆ. ರಟ್ಟನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದು ಖಗೋಳ ವಿಜ್ಞಾನಕ್ಕಿಂತ ಕಷ್ಟದ ವಿಷಯ.

ಮರುರಾತ್ರಿ ನಕ್ಷತ್ರ ಸುಮಾರು ನಾಲ್ಕು ನಿಮಿಷ ಮೊದಲೇ ಮರೆಯಾಯಿತು. ಅದರ ಮರುರಾತ್ರಿ ಇನ್ನೂ ನಾಲ್ಕು ನಿಮಿಷ ಮೊದಲು. ನಡುವೆ ಮೋಡ ಕವಿದರೂ ಚಿಂತೆಯಿಲ್ಲ: ಮೊದಲ ಮತ್ತು ಕೊನೆಯ ರಾತ್ರಿಯ ವ್ಯತ್ಯಾಸವನ್ನು ನಡುವಿನ ದಿನಗಳಿಂದ ಭಾಗಿಸಿದರೆ ಸಣ್ಣ ತಪ್ಪುಗಳೂ ಹಂಚಿಹೋಗುತ್ತವೆ. ನನಗೆ ಬಂದ ಉತ್ತರ ದಿನಕ್ಕೆ 3 ನಿಮಿಷ 56 ಸೆಕೆಂಡಿನ ಆಸುಪಾಸು. ಅಂದರೆ ಭೂಮಿ ತನ್ನ ಸುತ್ತ ಒಂದು ಪೂರ್ತಿ ಸುತ್ತು ಹಾಕಲು 23 ಗಂಟೆ 56 ನಿಮಿಷ 4 ಸೆಕೆಂಡ್ ಸಾಕು. ಉಳಿದ ನಾಲ್ಕು ನಿಮಿಷ ವಾರ್ಷಿಕ ಚಲನೆಯ ಲೆಕ್ಕ. ದಿನವೊಂದರಲ್ಲಿ ಭೂಮಿ ಸೂರ್ಯನ ಸುತ್ತ ಸುಮಾರು ಒಂದು ಡಿಗ್ರಿ ಮುಂದೆ ಹೋಗಿರುತ್ತದೆ, ಸೂರ್ಯ ಮತ್ತೆ ಅದೇ ಜಾಗದಲ್ಲಿ ಕಾಣಲು ಅಷ್ಟನ್ನೂ ಹೆಚ್ಚಾಗಿ ತಿರುಗಬೇಕಾಗುತ್ತದೆ. ವರ್ಷದ ಕೊನೆಗೆ ಇದು ಇಡೀ ಒಂದು ಸುತ್ತಾಗುತ್ತದೆ.

ಈ ಒಂದು ಸುತ್ತು 5ನೇ ಶತಮಾನದ ಆರ್ಯಭಟನ ಲೆಕ್ಕದಲ್ಲೂ ಇದೆ. 43,20,000 ವರ್ಷಗಳಲ್ಲಿ ಭೂಮಿಯ ಸುತ್ತುಗಳು 1,58,22,37,500. ಹಗಲು–ರಾತ್ರಿಗಳ ದಿನಗಳು 1,57,79,17,500. ಕಳೆದು ನೋಡಿ, ಉಳಿಯುವುದು ವರ್ಷಗಳ ಸಂಖ್ಯೆಯೇ. ಸೂರ್ಯನೇ ಭೂಮಿಯನ್ನು ಸುತ್ತುತ್ತಾನೆ ಎಂದು ಆತ ಇಟ್ಟುಕೊಂಡಿದ್ದರೂ ಈ ಲೆಕ್ಕಕ್ಕೆ ಧಕ್ಕೆಯಿಲ್ಲ.

ಅಳೆದ ಮೇಲೆ ಎಲ್ಲರೂ ಕೇಳಿದ್ದು ಒಂದೇ: ಭೂಮಿಯನ್ನು ತಿರುಗಿಸುತ್ತಿರುವುದು ಯಾವುದು? ಈಗ ಯಾವುದೂ ಇಲ್ಲ. ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯ ಮತ್ತು ಗ್ರಹಗಳು ಹುಟ್ಟಿದ ಅನಿಲ–ಧೂಳಿನ ಮೋಡಕ್ಕೆ ಅಷ್ಟಿಷ್ಟು ಸುತ್ತುವಿಕೆ ಇತ್ತು. ಕುಗ್ಗಿದಂತೆ ಅದು ಜೋರಾಯಿತು. ಇದನ್ನು ಕೈಯಲ್ಲೇ ನೋಡಬಹುದು. ಖಾಲಿ ಪೆನ್ನಿನ ಕೊಳವೆಯಲ್ಲಿ ದಾರ ತೂರಿಸಿ, ಮೇಲಿನ ತುದಿಗೆ ರಬ್ಬರಿನ ತುಂಡು ಕಟ್ಟಿ ಬೀಸಿ ತಿರುಗಿಸಿ, ದಾರವನ್ನು ಕೆಳಗಿನಿಂದ ಎಳೆಯಿರಿ. ಸುತ್ತು ಕಿರಿದಾದ ಕೂಡಲೇ ರಬ್ಬರು ಭರ್ರನೆ ಓಡುತ್ತದೆ. ಭೂಮಿಯ ಆರಂಭದ ವೇಗವನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಅದು ಬೆಳೆಯುವಾಗ ಬಂದು ಬಡಿದ ದೊಡ್ಡ ಕಾಯಗಳು. ಆಮೇಲೆ ನಿಲ್ಲಿಸುವವರು ಸಿಗಲಿಲ್ಲ. ಚಂದ್ರನ ಉಬ್ಬರವಿಳಿತ ಮಾತ್ರ ಸ್ವಲ್ಪ ತಡೆಯುತ್ತಿದೆ, ಶತಮಾನಕ್ಕೆ ದಿನ ಸುಮಾರು ಎರಡು ಮಿಲಿಸೆಕೆಂಡ್ ಉದ್ದವಾಗುವಷ್ಟು.

ಸೂರ್ಯನ ಸೆಳೆತವೇ ಭೂಮಿಯನ್ನು ಬುಗುರಿಯಾಡಿಸುತ್ತದೆ ಎಂದು ನಂಬಿದವರನ್ನು ಬಹಳ ಕಂಡಿದ್ದೇನೆ. ಶುಕ್ರ ನಮ್ಮ ದಿಕ್ಕಿನಲ್ಲೇ ಸೂರ್ಯನನ್ನು ಸುತ್ತುತ್ತಾ, ತನ್ನ ಸುತ್ತ ಮಾತ್ರ ಉಲ್ಟಾ ತಿರುಗುತ್ತದೆ. ಆ ವಾದವನ್ನು ಬೀಳಿಸಲು ಅದೊಂದೇ ಸಾಕು. ಸೆಳೆತ ಮಾಡುವುದು ಬೇರೆಯದೇ ಕೆಲಸ: ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ನೇರ ಹೋಗಲು ಹವಣಿಸುತ್ತದೆ, ಅದೇ ಸೆಕೆಂಡಿನಲ್ಲಿ ಸೆಳೆತ ಅದನ್ನು ಸೂರ್ಯನ ಕಡೆಗೆ ಬಾಗಿಸುವುದು ಬರೀ ಮೂರು ಮಿಲಿಮೀಟರ್. ನನ್ನ ರಟ್ಟಿನ ತೂತಿಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಆ ಬಾಗು ಬಿಡುವಿಲ್ಲದೆ ಸೇರುತ್ತಾ ಹೋಗುವುದರಿಂದಲೇ ದಾರಿ ಮುಚ್ಚಿದ ವೃತ್ತದಂತಾಗುತ್ತದೆ.

ನಕ್ಷತ್ರ ಬಿಟ್ಟು ಮಧ್ಯಾಹ್ನದ ನೆರಳಿನಿಂದ ಇದನ್ನೇ ಅಳೆಯಲು ಹೊರಡುವವರಿಗೆ ಒಂದು ಮಾತು. ಭೂಮಿಯ ಅಕ್ಷ ವಾಲಿದೆ, ಕಕ್ಷೆ ಪೂರ್ತಿ ದುಂಡಗಿಲ್ಲ: ಜನವರಿಯಲ್ಲಿ ಸೂರ್ಯ ಸುಮಾರು 14.7 ಕೋಟಿ ಕಿಲೋಮೀಟರ್ ದೂರ, ಜುಲೈಯಲ್ಲಿ 15.2 ಕೋಟಿ. ಹೀಗಾಗಿ ಒಂದು ನಡುಹಗಲಿನಿಂದ ಮುಂದಿನದಕ್ಕೆ ಕೆಲವು ತಿಂಗಳಲ್ಲಿ 24 ಗಂಟೆಗಿಂತ ಕೆಲವು ಸೆಕೆಂಡ್ ಹೆಚ್ಚು, ಕೆಲವು ತಿಂಗಳಲ್ಲಿ ಕಡಿಮೆ ಬರುತ್ತದೆ. ಗಡಿಯಾರವನ್ನು ದೂರಬೇಡಿ.