ಲಾರಿಯ ಡೀಸೆಲ್ ಇಂಜಿನ್ ಕೆಲಸಕ್ಕೆ ವಿಶೇಷ ಉಪಕರಣಗಳನ್ನು ಆರಿಸುವುದು ಹೇಗೆ

ಸ್ಪ್ಯಾನರ್, ಸಾಕೆಟ್, ಸುತ್ತಿಗೆಗಳ ಪೆಟ್ಟಿಗೆ ಪ್ರತಿಯೊಂದು ಗ್ಯಾರೇಜಿನಲ್ಲೂ ಇರುತ್ತದೆ. ಆದರೆ ಲಾರಿಯ ಇಂಜಿನ್‌ನ ಹೆಡ್ ಇಳಿಸುವ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕೀಳುವ, ಪಿಸ್ಟನ್ ಓಡುವ ಒಳಕೊಳವೆಯಾದ ಲೈನರ್ ಬದಲಿಸುವ ಕೆಲಸಗಳಿಗೆ ಕೈಹಾಕಿದಾಗ ಆ ಪೆಟ್ಟಿಗೆಯ ಮಿತಿ ಕಾಣತೊಡಗುತ್ತದೆ. ಆಗ ಅಂಗಡಿಯವರು ತೋರಿಸಿದ್ದನ್ನೆಲ್ಲ ಕೊಳ್ಳುವ ಮುನ್ನ ಪ್ರತಿ ಉಪಕರಣದ ಬಗ್ಗೆಯೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದಿಲ್ಲದೆ ಈ ಕೆಲಸ ಮಾಡಿದರೆ ಹಾಳಾಗುವುದೇನು? ಹೋಗುವುದು ಅರ್ಧ ಗಂಟೆಯ ಸಮಯ ಮಾತ್ರವಾದರೆ ಆ ಉಪಕರಣ ಕಾಯಬಹುದು. ಹೆಡ್, ಕ್ರ್ಯಾಂಕ್, ಇಂಜೆಕ್ಟರ್ ಅಥವಾ ಕೆಲಸ ಮಾಡುವವರ ಕೈಗೆ ಅಪಾಯವಿದ್ದರೆ ಸಾಲ ಮಾಡಿಯಾದರೂ ಅದನ್ನು ಮೊದಲು ತರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಯ್ಕೆ ಆರಂಭವಾಗಬೇಕಾದದ್ದು ನಿಮ್ಮಲ್ಲಿಗೆ ಹೆಚ್ಚಾಗಿ ಬರುವ ಇಂಜಿನ್‌ಗಳಿಂದ. ಎರಡು ಇಂಜಿನ್‌ಗಳ ತಯಾರಕರು ಒಬ್ಬರೇ ಆದರೂ ಅವುಗಳಿಗೆ ಬೇಕಾದ ಉಪಕರಣಗಳು ಒಂದೇ ಆಗಿರಬೇಕಿಲ್ಲ. ನಮ್ಮ ರಸ್ತೆಗಳಲ್ಲಿ ದೀರ್ಘಕಾಲದಿಂದ ಓಡುತ್ತಿರುವ ಕಮಿನ್ಸ್ ಬಿ ಸರಣಿಯ 5.9 ಲೀಟರಿನ ಆರು ಸಿಲಿಂಡರ್ ಇಂಜಿನ್‌ನಲ್ಲಿ ಲೈನರ್ ಇಲ್ಲ, ಪಿಸ್ಟನ್ ನೇರವಾಗಿ ಬ್ಲಾಕಿನ 102 ಮಿ.ಮೀ. ಬೋರಿನಲ್ಲೇ ಓಡುತ್ತದೆ, ಸವೆದಾಗ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕಾಗುತ್ತದೆ. ಅದೇ ಕಮಿನ್ಸ್‌ನ 8.3 ಲೀಟರಿನ ಸಿ ಸರಣಿಯ ಇಂಜಿನ್‌ನಲ್ಲಿ ವೆಟ್ ಲೈನರ್, ಎಂದರೆ ಹೊರಗೆ ತಂಪುಗೊಳಿಸುವ ನೀರು ತಾಗುವ, ಕಿತ್ತು ಬದಲಿಸಬಹುದಾದ ಲೈನರ್ ಇದೆ. ಮೊದಲನೆಯದನ್ನಷ್ಟೇ ನೋಡಿಕೊಳ್ಳುವ ಗ್ಯಾರೇಜಿಗೆ ಲೈನರ್ ಪುಲ್ಲರ್ ಸಂಪೂರ್ಣ ನಿರುಪಯೋಗಿ, ಎರಡನೆಯದಕ್ಕೆ ಅದು ಅನಿವಾರ್ಯ. ಆದ್ದರಿಂದ ಇಂಜಿನ್ ಪ್ಲೇಟಿನಲ್ಲಿರುವ ಮಾದರಿ ಮತ್ತು ಕ್ರಮಸಂಖ್ಯೆಯನ್ನು ಬರೆದುಕೊಂಡು, ಆ ಮಾದರಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ವಿಶೇಷ ಉಪಕರಣಗಳ ಪಟ್ಟಿಯನ್ನು ಓದಿದ ನಂತರವೇ ಅಂಗಡಿಯ ಕಡೆ ಹೆಜ್ಜೆ ಹಾಕುವುದು ಒಳ್ಳೆಯದು.

ಮೊದಲ ಹಣವನ್ನು ಅಳೆಯುವ ಉಪಕರಣಗಳ ಮೇಲೆ ಹಾಕಬೇಕು. ಇದಕ್ಕೆ ಕಾರಣ ಸರಳವಾಗಿದೆ: ಕೀಳುವ ಉಪಕರಣ ಕೆಟ್ಟದ್ದಾಗಿದ್ದರೆ ಅದು ಕಣ್ಣೆದುರೇ ಬಾಗುತ್ತದೆ ಅಥವಾ ಮುರಿಯುತ್ತದೆ, ಆದರೆ ಅಳತೆಯ ಉಪಕರಣ ತಪ್ಪು ಹೇಳಿದರೆ ಆ ತಪ್ಪು ಇಂಜಿನ್ ಒಳಗೆ ಸೇರಿಕೊಂಡು, ಲಾರಿ ಲೋಡು ಹೊತ್ತು ಘಾಟಿ ಹತ್ತುವಾಗ ಹೊರಬೀಳುತ್ತದೆ.

ಬೋಲ್ಟನ್ನು ನಿಗದಿತ ತಿರುಚುಬಲಕ್ಕೆ (ಟಾರ್ಕ್) ಬಿಗಿಯುವ ಟಾರ್ಕ್ ವ್ರೆಂಚ್ ಇವುಗಳಲ್ಲಿ ಮೊದಲನೆಯದು. ಒಂದೇ ವ್ರೆಂಚಿನಿಂದ ಎಲ್ಲ ಬೋಲ್ಟುಗಳನ್ನೂ ಬಿಗಿಯಬಹುದೆಂದು ಭಾವಿಸಿ ದೊಡ್ಡದೊಂದನ್ನು ತರುವವರು ಬಹಳ ಮಂದಿ. ಕ್ಲಿಕ್ ಮಾದರಿಯ ವ್ರೆಂಚಿನ ನಿಖರತೆಯನ್ನು ಸಾಮಾನ್ಯವಾಗಿ ಅದರ ಗರಿಷ್ಠ ಸಾಮರ್ಥ್ಯದ ಶೇ. 20ರಿಂದ 100ರವರೆಗಿನ ವ್ಯಾಪ್ತಿಯಲ್ಲಷ್ಟೇ ನಂಬಬಹುದು. ಹಾಗಾಗಿ 500 ನ್ಯೂಟನ್ ಮೀಟರಿನ ವ್ರೆಂಚಿನಿಂದ ರಾಕರ್ ಕವರಿನ ಸಣ್ಣ ಬೋಲ್ಟುಗಳನ್ನು ಬಿಗಿಯಲು ಹೋದರೆ ಎಳೆ ಹರಿಯುವ ಸಾಧ್ಯತೆಯೇ ಹೆಚ್ಚು. ಮಧ್ಯಮ ಗಾತ್ರದ ಲಾರಿ ಇಂಜಿನ್‌ಗಳ ಹೆಡ್ ಮತ್ತು ಕನೆಕ್ಟಿಂಗ್ ರಾಡ್ ಬೋಲ್ಟುಗಳಿಗೆ 40ರಿಂದ 200 ನ್ಯೂಟನ್ ಮೀಟರಿನ ಅರ್ಧ ಇಂಚು ಡ್ರೈವಿನ ವ್ರೆಂಚ್, ಸಣ್ಣ ಬೋಲ್ಟುಗಳಿಗೆ ಅದಕ್ಕಿಂತ ಚಿಕ್ಕದೊಂದು, ಭಾರೀ ಬೋಲ್ಟುಗಳಿಗೆ ಮುಕ್ಕಾಲು ಇಂಚು ಡ್ರೈವಿನದೊಂದು ಎಂಬ ಕ್ರಮದಲ್ಲಿ ಕೊಂಡರೆ ಪ್ರತಿಯೊಂದೂ ತನ್ನ ನಿಖರ ವ್ಯಾಪ್ತಿಯಲ್ಲೇ ಕೆಲಸ ಮಾಡುತ್ತದೆ. ಮಾನಗಳ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ಮೆಕ್ಯಾನಿಕ್‌ಗಳು ಟಾರ್ಕನ್ನು ಕೆ.ಜಿ.ಯಲ್ಲಿ ಹೇಳುತ್ತಾರೆ, ಕೆಲವು ಮ್ಯಾನುಯಲ್‌ಗಳಲ್ಲಿ ಅಡಿ-ಪೌಂಡ್ ಇರುತ್ತದೆ. ಒಂದು ಕಿಲೋಗ್ರಾಂ ಬಲ ಮೀಟರ್ ಎಂದರೆ 9.81 ನ್ಯೂಟನ್ ಮೀಟರ್, ಒಂದು ಅಡಿ-ಪೌಂಡ್ ಎಂದರೆ 1.356 ನ್ಯೂಟನ್ ಮೀಟರ್. ಎರಡು ಮಾನಗಳ ಗೆರೆಗಳೂ ಕೊರೆದಿರುವ ವ್ರೆಂಚನ್ನೇ ಆರಿಸಿದರೆ ಲೆಕ್ಕದ ತಪ್ಪು ತಪ್ಪುತ್ತದೆ.

ಇಂಜೆಕ್ಟರ್ ಪೈಪುಗಳ ನಟ್ ಬಿಗಿಯಲು ಸಾಕೆಟ್ ಹಿಡಿಯುವುದಿಲ್ಲವಾದ್ದರಿಂದ ಕ್ರೋಫುಟ್ ಎಂಬ ಬಾಯ್ತೆರೆದ ತುಂಡನ್ನು ಟಾರ್ಕ್ ವ್ರೆಂಚಿಗೆ ಸಿಕ್ಕಿಸಬೇಕಾಗುತ್ತದೆ. ಅದನ್ನು ವ್ರೆಂಚಿನ ಉದ್ದಕ್ಕೆ ನೇರವಾಗಿ ಚಾಚಿ ಹಿಡಿದರೆ ತೋಳಿನ ಉದ್ದ ಹೆಚ್ಚಿ, ವ್ರೆಂಚ್ ಕ್ಲಿಕ್ಕೆನ್ನುವ ಹೊತ್ತಿಗೆ ನಟ್ ಮೇಲೆ ಅಗತ್ಯಕ್ಕಿಂತ ಹೆಚ್ಚು ಬಲ ಬಿದ್ದಿರುತ್ತದೆ. 90 ಡಿಗ್ರಿ ಕೋನದಲ್ಲಿ ಹಿಡಿದರೆ ವ್ರೆಂಚಿನ ಗುರುತಿನಲ್ಲಿರುವಷ್ಟೇ ಬಲ ನಟ್‌ಗೆ ಮುಟ್ಟುತ್ತದೆ. ಈ ತುಂಡುಗಳನ್ನು ಕೊಳ್ಳುವಾಗ ಪೈಪ್ ನಟ್‌ನ ಅಂಚುಗಳನ್ನು ಹೆಚ್ಚು ಬದಿಗಳಿಂದ ಹಿಡಿಯುವ ಫ್ಲೇರ್ ನಟ್ ಮಾದರಿಯನ್ನೇ ಕೇಳಬೇಕು.

ಈಗಿನ ಅನೇಕ ಇಂಜಿನ್‌ಗಳಲ್ಲಿ ಹೆಡ್ ಬೋಲ್ಟುಗಳನ್ನು ನಿಗದಿತ ಟಾರ್ಕಿಗೆ ಬಿಗಿದು, ಅನಂತರ ಇಷ್ಟು ಡಿಗ್ರಿ ತಿರುಗಿಸಬೇಕೆಂದು ಹೇಳಿರುತ್ತಾರೆ. ಆರು ಮೂಲೆಯ ಬೋಲ್ಟಿನಲ್ಲಿ ಒಂದು ಮೂಲೆಯಿಂದ ಇನ್ನೊಂದಕ್ಕೆ 60 ಡಿಗ್ರಿ ಇರುವುದರಿಂದ 90 ಡಿಗ್ರಿಯನ್ನು ಪೇಂಟಿನ ಗುರುತು ಹಾಕಿ ತಿರುಗಿಸುವವರಿದ್ದಾರೆ, ಎಚ್ಚರದಿಂದ ಮಾಡಿದರೆ ಅದು ತಪ್ಪೂ ಅಲ್ಲ. ಆದರೂ ಆ್ಯಂಗಲ್ ಗೇಜ್ ದುಬಾರಿಯಲ್ಲದ ಉಪಕರಣ. ಇಪ್ಪತ್ತಕ್ಕೂ ಹೆಚ್ಚು ಬೋಲ್ಟುಗಳಿರುವ ಹೆಡ್ಡಿನ ಮೇಲೆ, ಕೈ ದಣಿದ ಹೊತ್ತಿನಲ್ಲಿ, ಕಣ್ಣಳತೆಯನ್ನು ನಂಬುವ ಅಗತ್ಯ ಯಾರಿಗೂ ಬೀಳಬಾರದು.

ಟ್ಯಾಪೆಟ್ ಸಂದು (ವಾಲ್ವ್ ಮತ್ತು ಅದನ್ನು ಒತ್ತುವ ರಾಕರಿನ ನಡುವಿನ ಸಂದು) ನೋಡಲು ತೆಳು ಉಕ್ಕಿನ ಎಲೆಗಳ ಫೀಲರ್ ಗೇಜ್ ಎಲ್ಲರಲ್ಲೂ ಇರುತ್ತದೆ. ಮೇಲೆ ಹೇಳಿದ 5.9 ಲೀಟರಿನ ಹಳೆಯ 12 ವಾಲ್ವ್ ಇಂಜಿನ್‌ಗೆ ತಣ್ಣಗಿರುವಾಗ ಇನ್‌ಟೇಕ್ 0.25 ಮಿ.ಮೀ. ಮತ್ತು ಎಕ್ಸಾಸ್ಟ್ 0.51 ಮಿ.ಮೀ. ಇರಬೇಕು. ಇಂಥ ಅಳತೆಗೆ ಅಂಚು ಸವೆದ, ತುಕ್ಕು ಹಿಡಿದ ಎಲೆಗಳು ಒದಗುವುದಿಲ್ಲ. ಇದರ ಜೊತೆಗೆ 0.01 ಮಿ.ಮೀ. ಓದುವ ಡಯಲ್ ಗೇಜ್ ಮತ್ತು ಗಟ್ಟಿಯಾದ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇದ್ದರೆ ಕ್ರ್ಯಾಂಕಿನ ಎಂಡ್ ಪ್ಲೇ (ಹಿಂದೆ ಮುಂದೆ ಸರಿಯುವ ಆಟ), ಗೇರುಗಳ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ), ಟರ್ಬೋ ಶಾಫ್ಟಿನ ಆಟ ಎಲ್ಲವನ್ನೂ ನೋಡಬಹುದು. ವೆಟ್ ಲೈನರ್ ಇಂಜಿನ್‌ನಲ್ಲಿ ಲೈನರ್ ಬ್ಲಾಕಿನ ಮೇಲ್ಮೈಗಿಂತ ಎಷ್ಟು ಎದ್ದಿದೆ ಎಂಬುದನ್ನೂ ಇದರಿಂದಲೇ ಅಳೆಯಬೇಕು. ಲೈನರನ್ನು ಕ್ಲ್ಯಾಂಪಿನಿಂದ ಒತ್ತಿ ಹಿಡಿದು ನಾಲ್ಕು ಕಡೆ ನೋಡದೆ ಹೆಡ್ ಕೂರಿಸಿದರೆ ಹೊಸ ಗ್ಯಾಸ್ಕೆಟ್ ಕೂಡ ಬೇಗನೆ ಊದಿಹೋಗಬಹುದು. ಬೋರ್ ಗೇಜನ್ನು ಸಣ್ಣ ಗ್ಯಾರೇಜ್ ಕೊಳ್ಳಲೇಬೇಕೆಂದಿಲ್ಲ, ಬೋರಿಂಗ್ ಮಾಡುವ ಲೇತ್ ವರ್ಕ್‌ಶಾಪಿನಲ್ಲಿ ಅದು ಇರುತ್ತದೆ.

ಕಂಪ್ರೆಷನ್ ಗೇಜ್ ಕೊಳ್ಳುವಾಗ ಪೆಟ್ರೋಲ್ ಕಾರಿನದನ್ನು ತರಬಾರದು. ಡೀಸೆಲ್ ಇಂಜಿನ್‌ನ ಒತ್ತಡ 30 ಬಾರ್ ಆಸುಪಾಸಿನಲ್ಲಿರಬಲ್ಲದು, ಆದ್ದರಿಂದ 70 ಬಾರ್‌ವರೆಗೆ ಓದುವ ಗೇಜ್ ಬೇಕು. ಗೇಜಿಗಿಂತಲೂ ಮುಖ್ಯವಾದದ್ದು ಇಂಜೆಕ್ಟರ್ ಜಾಗದಲ್ಲಿ ಕೂರುವ ಅಡಾಪ್ಟರ್. ನಿಮ್ಮ ಇಂಜಿನ್‌ಗೆ ಹೊಂದುವ ಅಡಾಪ್ಟರ್ ಪೆಟ್ಟಿಗೆಯಲ್ಲಿಲ್ಲದಿದ್ದರೆ ಉಳಿದ ಹದಿನೈದು ಇದ್ದೂ ಪ್ರಯೋಜನವಿಲ್ಲ.

ಇನ್ನು ತಿರುಗಿಸುವ ಮತ್ತು ಕೀಳುವ ಉಪಕರಣಗಳು. ಟ್ಯಾಪೆಟ್ ಹೊಂದಿಸಲು ಫ್ಯಾನಿನ ಎಲೆ ಹಿಡಿದು ಇಂಜಿನ್ ತಿರುಗಿಸುವ ಅಭ್ಯಾಸ ಇಂದಿಗೂ ಇದೆ. ಅದರಿಂದ ಎಲೆಗೆ ಪೆಟ್ಟಾಗಿ, ಮುಂದೊಂದು ದಿನ ಓಡುವಾಗಲೇ ಅದು ಮುರಿಯಬಹುದು. ಫ್ಲೈವೀಲ್ ಹೌಸಿಂಗಿನ ರಂಧ್ರದಲ್ಲಿ ಕೂತು ರಿಂಗ್ ಗೇರಿಗೆ ಕಚ್ಚಿಕೊಳ್ಳುವ ಬಾರಿಂಗ್ ಟೂಲ್ ಇದಕ್ಕೆ ಸರಿಯಾದ ಉಪಕರಣ, ಒಬ್ಬನೇ ನಿಂತು ರ್‍ಯಾಚೆಟ್‌ನಿಂದ ಕ್ರ್ಯಾಂಕನ್ನು ಬೇಕಾದಷ್ಟೇ ತಿರುಗಿಸಬಹುದು. ಬಿ ಸರಣಿಯಲ್ಲಿ ಮೊದಲ ಸಿಲಿಂಡರಿನ ಟಾಪ್ (ಪಿಸ್ಟನ್ ತೀರ ಮೇಲೆ ಬರುವ ಸ್ಥಾನ) ಹುಡುಕಲು ಟೈಮಿಂಗ್ ಪಿನ್ ಕೊಟ್ಟಿದ್ದಾರೆ. ಅದು ಗುರುತಿಗಾಗಿ ಮಾತ್ರ ಇರುವುದು, ಅದನ್ನೇ ಆಧಾರ ಮಾಡಿಕೊಂಡು ಬೋಲ್ಟ್ ಸಡಿಲಿಸಿದರೆ ಪಿನ್ ಮುರಿಯುತ್ತದೆ.

ಇಂಜೆಕ್ಟರ್ ಪುಲ್ಲರನ್ನು ಇಂಜಿನ್‌ಗೆ ತಕ್ಕಂತೆಯೇ ಕೊಳ್ಳಬೇಕು. ಸ್ಕ್ರೂಡ್ರೈವರ್‌ನಿಂದ ಮೀಟಿ ಎಬ್ಬಿಸಿದಾಗ ಹೆಡ್ಡಿನ ಮೇಲ್ಮೈಗೂ ಇಂಜೆಕ್ಟರಿಗೂ ಒಟ್ಟಿಗೆ ಹಾನಿಯಾಗುತ್ತದೆ. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಅಧಿಕ ಒತ್ತಡದ ಡೀಸೆಲ್ ಕೊಡುವ ಕಾಮನ್ ರೈಲ್ ವ್ಯವಸ್ಥೆಯ 24 ವಾಲ್ವ್ ಬಿ ಸರಣಿಯಲ್ಲಿ ಹೆಡ್ಡಿನ ಪಕ್ಕದಿಂದ ಒಳಬಂದು ಇಂಜೆಕ್ಟರಿಗೆ ತಾಗುವ ಕನೆಕ್ಟರ್ ಕೊಳವೆಯನ್ನು ಮೊದಲು ಹೊರತೆಗೆಯಬೇಕಾದ್ದರಿಂದ, ಅದರ ಪುಲ್ಲರ್ ಕೂಡ ಜೊತೆಯಲ್ಲಿರಬೇಕು.

ಪುಲ್ಲರ್‌ಗಳನ್ನು ಪರಿಚಿತ ಲೇತ್‌ನಲ್ಲಿ ಮಾಡಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಇಎನ್ 24ರಂಥ ಗಟ್ಟಿ ಉಕ್ಕಿನಲ್ಲಿ ಮಾಡಿಸಿ, ಮಧ್ಯದ ಸ್ಕ್ರೂವಿಗೆ ಸಾಮಾನ್ಯ ಬೋಲ್ಟಿನ ಬದಲು 10.9 ದರ್ಜೆಯದನ್ನು ಹಾಕಿಸಿದರೆ ಅದು ಚೆನ್ನಾಗಿ ಬಾಳುತ್ತದೆ. ಎತ್ತುವ ಸಾಧನಗಳಲ್ಲಿ ಮಾತ್ರ ಈ ಉಳಿತಾಯ ಕೂಡದು. 5.9 ಲೀಟರಿನ ಇಂಜಿನ್ ಎಣ್ಣೆಯಿಲ್ಲದೆಯೂ 400 ಕಿಲೋ ಮೀರುತ್ತದೆ, ಹಾಗಾಗಿ ಚೈನ್, ಕೊಕ್ಕೆ, ಸ್ಟ್ಯಾಂಡ್ ಎಲ್ಲದರ ಮೇಲೂ ಸಾಮರ್ಥ್ಯ ಅಚ್ಚಾಗಿರುವುದನ್ನು ನೋಡಿ, ಭಾರಕ್ಕಿಂತ ಧಾರಾಳವಾಗಿ ಹೆಚ್ಚಿರುವುದನ್ನೇ ತರಬೇಕು. ಇಂಪ್ಯಾಕ್ಟ್ ಗನ್ನಿಗೆ ಹಾಕುವ ಸಾಕೆಟ್ ಕ್ರೋಮ್ ಮಾಲಿಬ್ಡಿನಮ್‌ನದಾಗಿರಬೇಕು. ಹೊಳೆಯುವ ಕ್ರೋಮ್ ವೆನೇಡಿಯಮ್ ಸಾಕೆಟ್ ಕೈಕೆಲಸಕ್ಕೆ ಉತ್ತಮವೇ ಹೊರತು ಗನ್ನಿನ ಹೊಡೆತಕ್ಕೆ ಒಡೆದು ಚೂರು ಸಿಡಿಯಬಲ್ಲದು.

ದೇಶದಾದ್ಯಂತ ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮಗಳಲ್ಲಿ 2017ರ ಏಪ್ರಿಲ್‌ನಲ್ಲಿ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದ ಮೇಲೆ ಇಂಧನ ವ್ಯವಸ್ಥೆಯ ಪರೀಕ್ಷೆಯೇ ಬದಲಾಗಿದೆ. ಹಳೆಯ ಪಂಪಿನ ಇಂಜಿನ್‌ನಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಲು ಓಡುತ್ತಿರುವಾಗಲೇ ಪೈಪಿನ ನಟ್ ಸಡಿಲಿಸುತ್ತಿದ್ದರು. ಕಾಮನ್ ರೈಲಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಆ ಧಾರೆ ಚರ್ಮವನ್ನು ಭೇದಿಸಿ ಮೈಯೊಳಕ್ಕೆ ಡೀಸೆಲ್ ಸೇರಿಸಬಲ್ಲದಾದ್ದರಿಂದ ಆ ವಿಧಾನವನ್ನು ಇಲ್ಲಿ ಎಂದಿಗೂ ಬಳಸಬಾರದು. ಅದರ ಬದಲಿಗೆ ಒಂದೊಂದೇ ಸಿಲಿಂಡರನ್ನು ನಿಲ್ಲಿಸಿ ನೋಡುವ ಸ್ಕ್ಯಾನರ್ ಬೇಕು. ಜೊತೆಗೆ, ಪ್ರತಿ ಇಂಜೆಕ್ಟರ್‌ನಿಂದ ಹಿಂದಿರುಗುವ ಡೀಸೆಲನ್ನು ಗಾಜಿನ ಕೊಳವೆಗಳಲ್ಲಿ ಹಿಡಿದು ಹೋಲಿಸುವ ರಿಟರ್ನ್ ಟೆಸ್ಟ್ ಕಿಟ್ ಬೇಕು. ಕೈಯಿಂದ ಒತ್ತುವ ನೋಜಲ್ ಟೆಸ್ಟರ್ ಹಳೆಯ ಇಂಜೆಕ್ಟರ್‌ಗಳಿಗೆ ಇಂದಿಗೂ ಉಪಯುಕ್ತ, ಆದರೆ ಕಾಮನ್ ರೈಲ್ ಇಂಜೆಕ್ಟರಿನ ನಿಜವಾದ ಪರೀಕ್ಷೆ ಟೆಸ್ಟ್ ಬೆಂಚಿನಲ್ಲೇ ಆಗಬೇಕು. ಅದನ್ನು ಪಂಪ್ ರಿಪೇರಿಯವರಿಗೆ ಬಿಡುವುದೇ ಲೇಸು.

ಸ್ಕ್ಯಾನರ್ ಕೊಳ್ಳುವಾಗ ದೋಷದ ಕೋಡ್ ಓದುತ್ತದೆ ಎಂಬ ಮಾತಿಗೆ ತೃಪ್ತರಾಗಬಾರದು. 24 ವೋಲ್ಟಿಗೆ ಹೊಂದುತ್ತದೆಯೇ, ಹೊಸ ಇಂಜೆಕ್ಟರ್ ಹಾಕಿದಾಗ ಅದರ ಕೋಡನ್ನು ಇಂಜಿನ್‌ನ ಕಂಪ್ಯೂಟರಾದ ಇಸಿಎಮ್‌ಗೆ ಬರೆಯಬಲ್ಲದೇ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನ ಶುದ್ಧೀಕರಣವನ್ನು ನಿಂತಲ್ಲೇ ನಡೆಸಬಲ್ಲದೇ, ಅಪ್‌ಡೇಟಿಗೆ ಪ್ರತಿವರ್ಷ ಎಷ್ಟು ಕೊಡಬೇಕು ಎಂಬುದನ್ನೆಲ್ಲ ಕೇಳಬೇಕು. ಸಾಧ್ಯವಾದರೆ ಹಣ ಕೊಡುವ ಮೊದಲು ನಿಮ್ಮಲ್ಲಿಗೆ ಬರುವ ಲಾರಿಯೊಂದಕ್ಕೆ ಜೋಡಿಸಿ ತೋರಿಸುವಂತೆ ಒತ್ತಾಯಿಸಬೇಕು.

ಕೊಂಡ ಮೇಲೆ ಟಾರ್ಕ್ ವ್ರೆಂಚನ್ನು ಕೆಲಸ ಮುಗಿದೊಡನೆ ಕನಿಷ್ಠ ಗುರುತಿಗೆ ಇಳಿಸಿಡಬೇಕು, ಬೋಲ್ಟ್ ಬಿಚ್ಚಲು ಅದನ್ನು ಬಳಸಲೇಬಾರದು. ವರ್ಷಕ್ಕೊಮ್ಮೆ ಅಥವಾ 5000 ಸಲ ಬಳಸಿದ ಮೇಲೆ, ಯಾವುದು ಮೊದಲೋ ಆಗ, ಎನ್‌ಎಬಿಎಲ್ ಮಾನ್ಯತೆಯಿರುವ ಪ್ರಯೋಗಾಲಯಕ್ಕೆ ಕಳಿಸಿ ಕ್ಯಾಲಿಬ್ರೇಷನ್ ಮಾಡಿಸಿ, ಮುಂದಿನ ತಾರೀಖನ್ನು ಹಿಡಿಯ ಮೇಲೇ ಅಂಟಿಸಬೇಕು. ಕೆಳಗೆ ಬಿದ್ದ ವ್ರೆಂಚನ್ನು ತಾರೀಖು ಬರುವವರೆಗೆ ಕಾಯದೆ ಆಗಲೇ ಪರೀಕ್ಷೆಗೆ ಕಳಿಸಬೇಕು.