ಸ್ವಂತವಾಗಿ ಕಟ್ಟುವ ಹಗುರ ವಿಮಾನಕ್ಕೆ ಥ್ರಾಟಲ್ ನಿಯಂತ್ರಣ: ಆಯ್ಕೆ ಮತ್ತು ಜೋಡಣೆ

ವಿಮಾನವನ್ನು ತಾವೇ ಕಟ್ಟುವವರಲ್ಲಿ ಅನೇಕರು ಪ್ಯಾನೆಲ್‌ನ ನಕ್ಷೆ ಬರೆಯುವಾಗಲೇ ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಏರಿಸಿ ಇಳಿಸುವ ನಿಯಂತ್ರಣದ ಹಿಡಿಯನ್ನು ಆರಿಸಿಬಿಡುತ್ತಾರೆ. ಅದಕ್ಕೆ ಯಾವ ಕೇಬಲ್ ಹೊಂದುತ್ತದೆ, ಆ ಕೇಬಲ್ ಎಂಜಿನ್ನಿಗೆ ಇಂಧನ ಮತ್ತು ಗಾಳಿಯನ್ನು ಬೆರೆಸಿಕೊಡುವ ಕಾರ್ಬ್ಯುರೇಟರನ್ನು ಯಾವ ದಾರಿಯಲ್ಲಿ ತಲುಪುತ್ತದೆ ಎಂಬ ಯೋಚನೆ ಆಮೇಲೆ ಬರುತ್ತದೆ. ಈ ಕೆಲಸವನ್ನು ಎದುರು ತುದಿಯಿಂದ, ಅಂದರೆ ಕಾರ್ಬ್ಯುರೇಟರಿನ ಲಿವರಿನಿಂದ ಆರಂಭಿಸಿ ಪೈಲಟ್‌ನ ಕೈಯವರೆಗೆ ಹಿಮ್ಮುಖವಾಗಿ ನಡೆಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಿಡಿಯನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಲಿವರಿನ ಉದ್ದ, ಅದು ತಿರುಗುವ ಕೋನ ಮತ್ತು ಸ್ಪ್ರಿಂಗ್ ಎಳೆಯುವ ದಿಕ್ಕು ಎಂಜಿನ್ ತಯಾರಕರು ನಿಗದಿಪಡಿಸಿರುವ ಸಂಗತಿಗಳು.

ಮೊದಲು ಲಿವರನ್ನು ಐಡಲ್ (ಎಂಜಿನ್ ಅತಿ ಕಡಿಮೆ ವೇಗದಲ್ಲಿ ಓಡುವ ಸ್ಥಿತಿ) ತಡೆಯಿಂದ ಪೂರ್ಣ ತೆರೆದ ತಡೆಯವರೆಗೆ ಕೈಯಿಂದ ತಿರುಗಿಸಿ ಕೋನವನ್ನು ಅಳೆಯಿರಿ. ತಿರುಗುವ ಕೇಂದ್ರದಿಂದ ಕೇಬಲ್ ಕೂರುವ ರಂಧ್ರದವರೆಗಿನ ದೂರವನ್ನೂ ಗುರುತಿಸಿಕೊಳ್ಳಿ. ಆ ದೂರ 50 ಮಿಲಿಮೀಟರ್, ಕೋನ 75 ಡಿಗ್ರಿ ಎಂದಾದರೆ, ಕೇಬಲಿನ ತುದಿ ಒಂದು ತಡೆಯಿಂದ ಇನ್ನೊಂದಕ್ಕೆ ಸುಮಾರು 61 ಮಿಲಿಮೀಟರ್ ಸರಿಯಬೇಕು (ಅರ್ಧ ಕೋನದ ಸೈನ್ ಬೆಲೆಯನ್ನು ಲಿವರಿನ ಉದ್ದದ ಎರಡರಷ್ಟರಿಂದ ಗುಣಿಸಿದರೆ ಈ ಅಳತೆ ಸಿಗುತ್ತದೆ). ಇಲ್ಲಿ 75 ಮಿಲಿಮೀಟರ್ ಚಲನೆಯ ನಿಯಂತ್ರಣ ಸಾಕಾಗುತ್ತದೆ. 50 ಮಿಲಿಮೀಟರಿನದನ್ನು ಹಾಕಿದರೆ ಎಂಜಿನ್ ಎಂದಿಗೂ ಪೂರ್ಣ ಶಕ್ತಿಗೆ ಏರುವುದಿಲ್ಲ. ಲಿವರ್ ತನ್ನ ಚಲನೆಯ ನಡುಮಧ್ಯದಲ್ಲಿದ್ದಾಗ ಕೇಬಲ್ ಅದಕ್ಕೆ ಸರಿಸುಮಾರು ಲಂಬವಾಗಿರಬೇಕು. ಯಾವುದೇ ತುದಿಯಲ್ಲಿ ಕೇಬಲ್ ಮತ್ತು ಲಿವರ್ ಒಂದೇ ಗೆರೆಗೆ ಬರುವಂತಿದ್ದರೆ ಲಿವರ್ ಅಲ್ಲಿಯೇ ಸಿಕ್ಕಿಕೊಂಡು ಹಿಂದಿರುಗದೆ ಹೋಗಬಹುದು. ಅಂಥ ಜೋಡಣೆಯನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಥ್ರಾಟಲ್ ಕವಾಟವು ಐಡಲ್‌ನಿಂದ ತೆರೆಯುವ ಮೊದಲ ಕೆಲವು ಡಿಗ್ರಿಗಳಲ್ಲಿ ಗಾಳಿಯ ಹರಿವು ಬಹಳ ಬದಲಾಗುತ್ತದೆ, ಕೊನೆಯ ಕಾಲುಭಾಗದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಇಳಿಯುವಾಗ ಪೈಲಟ್‌ಗೆ ಬೇಕಾಗುವ ನಾಜೂಕು ಹೊಂದಾಣಿಕೆ ನಡೆಯುವುದು ಈ ಮೊದಲ ಭಾಗದಲ್ಲಿಯೇ. ಲಿವರಿನಲ್ಲಿ ಎರಡು ರಂಧ್ರಗಳಿದ್ದು, ಹೆಚ್ಚಿನ ಚಲನೆಗೆ ಕಾಕ್‌ಪಿಟ್ಟಿನಲ್ಲಿ ಅವಕಾಶವಿದ್ದರೆ, ಕೇಂದ್ರದಿಂದ ದೂರದ ರಂಧ್ರವನ್ನು ಬಳಸುವುದು ಮೇಲು; ಆಗ ಹಿಡಿಯ ಅಷ್ಟೇ ಚಲನೆಗೆ ಕವಾಟ ಕಡಿಮೆ ತಿರುಗುತ್ತದೆ.

ಇನ್ನು ಸ್ಪ್ರಿಂಗ್. ರೋಟಾಕ್ಸ್ 912 ಎಂಜಿನ್ನಿನ ಎರಡು ಬಿಂಗ್ ಕಾರ್ಬ್ಯುರೇಟರುಗಳಲ್ಲಿ ಸ್ಪ್ರಿಂಗ್ ಥ್ರಾಟಲನ್ನು ತೆರೆಯುವ ಕಡೆಗೆ ಎಳೆಯುತ್ತದೆ. ಕೇಬಲ್ ತುಂಡಾದರೂ ಎಂಜಿನ್ ಶಕ್ತಿ ಕೊಡುತ್ತಲೇ ಇದ್ದು, ಪೈಲಟ್ ಇಳಿದಾಣವನ್ನು ತಲುಪಿ, ಅಲ್ಲಿ ಇಗ್ನಿಷನ್ ಆರಿಸಿ ಇಳಿಯಲು ಅವಕಾಶವಿರಲಿ ಎಂಬುದು ಇದರ ಉದ್ದೇಶ. ಮೋಟಾರ್ ಸೈಕಲ್ಲಿನಲ್ಲಿ ಸ್ಪ್ರಿಂಗ್ ಇದಕ್ಕೆ ವಿರುದ್ಧವಾಗಿ ಮುಚ್ಚುವ ಕಡೆಗೆ ಎಳೆಯುವುದರಿಂದ, ಅದರ ನಿಯಂತ್ರಣವನ್ನು ಹಾಗೆಯೇ ತಂದು ಇಲ್ಲಿ ಕೂರಿಸಲು ಬರುವುದಿಲ್ಲ. ಇಂಥ ಎಂಜಿನ್ನಿಗೆ ಎಳೆಯಲು ಮಾತ್ರ ಬಲ್ಲ ತೆಳುವಾದ ಬೌಡನ್ ಕೇಬಲ್ (ಕವಚದೊಳಗೆ ತಂತಿ ಜಾರುವಂಥದ್ದು) ಸಾಕು. ಆದರೆ ಹಿಡಿಯನ್ನು ಹಿಂದಕ್ಕೆ ತಂದಾಗ ಕೇಬಲ್ ಎಳೆಯಲ್ಪಡಬೇಕು, ಮತ್ತು ಎರಡು ಸ್ಪ್ರಿಂಗುಗಳ ಬಲಕ್ಕೆ ಹಿಡಿ ತಾನಾಗಿ ಮುಂದಕ್ಕೆ ಜಾರದಂತೆ ತಡೆಯುವಷ್ಟು ಘರ್ಷಣೆ ಅದರಲ್ಲಿರಬೇಕು. ಎರಡು ಕೇಬಲುಗಳು ಸಮನಾಗಿ ಸರಿಯದಿದ್ದರೆ ಎಂಜಿನ್ ನಡುಗುತ್ತದೆ. ಆದ್ದರಿಂದ ಅವುಗಳನ್ನು ಒಂದೇ ಲಿವರಿನಿಂದ ನಡೆಸಿ, ನಿರ್ವಾತ ಮಾಪಕಗಳನ್ನು ಜೋಡಿಸಿ ಹೊಂದಿಸಬೇಕು. ಲೈಕಮಿಂಗ್ ಅಥವಾ ಕಾಂಟಿನೆಂಟಲ್ ಎಂಜಿನ್ನಿನ ಫ್ಲೋಟ್ ಕಾರ್ಬ್ಯುರೇಟರಿಗೆ ತಳ್ಳುವುದಕ್ಕೂ ಎಳೆಯುವುದಕ್ಕೂ ಬರುವ ಗಟ್ಟಿ ಕೇಬಲ್ಲೇ ಬೇಕು.

ಹಿಡಿಯ ಆಯ್ಕೆ ಈಗ ಸುಲಭವಾಗುತ್ತದೆ. ನೇರವಾಗಿ ತಳ್ಳಿ ಎಳೆಯುವ ಗುಂಡಿ ಹಗುರವಾದದ್ದು, ಕಡಿಮೆ ಜಾಗ ಬೇಡುವಂಥದ್ದು. ಅಕ್ಕಪಕ್ಕದ ಆಸನಗಳ ವಿಮಾನಕ್ಕೆ ಪ್ಯಾನೆಲ್‌ನ ನಡುವಿನಲ್ಲಿ ಅದು ಚೆನ್ನಾಗಿ ಒಪ್ಪುತ್ತದೆ. ಒಂದರ ಹಿಂದೊಂದು ಆಸನವಿರುವ ವಿಮಾನಕ್ಕೆ ಎಡಗೋಡೆಯ ಮೇಲಿನ ಲಿವರ್, ಅಂದರೆ ಕ್ವಾಡ್ರೆಂಟ್, ಸಹಜವಾದದ್ದು. ಮುಂದಿನ ಮತ್ತು ಹಿಂದಿನ ಲಿವರುಗಳನ್ನು ಗಟ್ಟಿ ಸಲಾಕೆಯಿಂದ ಜೋಡಿಸಬಹುದು. ತಿರುಗಿಸಿ ಸೂಕ್ಷ್ಮವಾಗಿ ಹೊಂದಿಸುವ ವರ್ನಿಯರ್ ಗುಂಡಿ ಮಿಕ್ಸ್ಚರಿಗೂ (ಇಂಧನ-ಗಾಳಿಯ ಪ್ರಮಾಣದ ನಿಯಂತ್ರಣ) ಪ್ರೊಪೆಲರಿಗೂ ಬಹಳ ಒಳ್ಳೆಯದು, ಆದರೆ ಥ್ರಾಟಲಿಗೆ ನಾನು ಅದನ್ನು ಸೂಚಿಸುವುದಿಲ್ಲ. ಅದನ್ನು ವೇಗವಾಗಿ ಸರಿಸಬೇಕಾದರೆ ನಡುವಿನ ಬಟನ್ನನ್ನು ಒತ್ತಿ ಹಿಡಿಯಬೇಕು, ಮತ್ತು ಟೇಕಾಫ್ ಕೈಬಿಡಬೇಕಾದ ಗಳಿಗೆಯಲ್ಲಿ ಅಷ್ಟು ಗಮನವನ್ನೂ ಪೈಲಟ್‌ನಿಂದ ಕೇಳಬಾರದು.

ಮುಂದಕ್ಕೆ ತಳ್ಳಿದರೆ ಶಕ್ತಿ ಹೆಚ್ಚಬೇಕು. ಥ್ರಾಟಲ್ ಕಪ್ಪು, ಪ್ರೊಪೆಲರ್ ನೀಲಿ, ಮಿಕ್ಸ್ಚರ್ ಕೆಂಪು, ಎಡದಿಂದ ಬಲಕ್ಕೆ ಇದೇ ಕ್ರಮ. ಈ ರೂಢಿಯಿಂದ ಕದಲಬೇಡಿ, ಏಕೆಂದರೆ ನಿಮ್ಮ ವಿಮಾನವನ್ನು ಮುಂದೆ ಬೇರೊಬ್ಬರೂ ಹಾರಿಸಬಹುದು. ಕಾರ್ಬ್ಯುರೇಟರಿನಲ್ಲಿ ಹಿಮಗಟ್ಟದಂತೆ ಬಿಸಿಗಾಳಿ ಕೊಡುವ ಕಾರ್ಬ್ಯುರೇಟರ್ ಹೀಟಿನ ಗುಂಡಿಯು ಆಕಾರದಲ್ಲಿ ಮಿಕ್ಸ್ಚರಿಗಿಂತ ಬೇರೆಯಾಗಿ, ಅದರಿಂದ ಸಾಕಷ್ಟು ದೂರದಲ್ಲಿರಲಿ. ಹೀಟಿನ ಬದಲು ಮಿಕ್ಸ್ಚರನ್ನು ಎಳೆದರೆ ಎಂಜಿನ್ ನಿಂತೇಹೋಗುತ್ತದೆ.

ಕೇಬಲಿನ ಉದ್ದವನ್ನು ಊಹಿಸಿ ತರಿಸಬೇಡಿ. ಅಷ್ಟೇ ದಪ್ಪದ ಬಿರುಸಾದ ಕೊಳವೆಯೊಂದನ್ನು ಹಿಡಿಯ ಸ್ಥಾನದಿಂದ ಕಾರ್ಬ್ಯುರೇಟರಿನವರೆಗೆ ನಿಜವಾದ ದಾರಿಯಲ್ಲಿಯೇ ಎಳೆದು ಗುರುತು ಹಾಕಿ ಅಳೆಯಿರಿ. ತಯಾರಕರು ಹೇಳಿದ ಕನಿಷ್ಠ ಬಾಗಿನ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಈ ಮಿತಿಯನ್ನು ಪಾಲಿಸಿದರೂ ಬಾಗುಗಳ ಸಂಖ್ಯೆ ಹೆಚ್ಚಿದಷ್ಟೂ ಹಿಡಿ ಬಿಗಿಯಾಗುತ್ತಾ ಹೋಗುತ್ತದೆ. ಎಕ್ಸಾಸ್ಟ್ ಕೊಳವೆಯಿಂದ ದೂರ ಸಾಗಿಸಿ. ಅನಿವಾರ್ಯವಾಗಿ ಹತ್ತಿರ ಹಾಯಬೇಕಾದಲ್ಲಿ ನಡುವೆ ಲೋಹದ ಶಾಖತಡೆಯನ್ನಿಡಿ, ಇಲ್ಲವಾದರೆ ಒಳಗಿನ ಪ್ಲಾಸ್ಟಿಕ್ ಪದರ ಮೆತ್ತಗಾಗಿ ತಂತಿಯನ್ನು ಹಿಡಿದುಕೊಳ್ಳುತ್ತದೆ.

ಇಡೀ ಜೋಡಣೆಯಲ್ಲಿ ಹೆಚ್ಚು ತಪ್ಪು ನಡೆಯುವುದು ಕೇಬಲಿನ ಹೊರಕವಚವನ್ನು ಎಂಜಿನ್ ಬದಿಯಲ್ಲಿ ಬಿಗಿಯುವ ಜಾಗದಲ್ಲಿ. ಎಂಜಿನ್ ರಬ್ಬರ್ ಆಸರೆಗಳ ಮೇಲೆ ಕುಳಿತಿರುತ್ತದೆ. ಚಾಲೂ ಮಾಡುವಾಗ, ನಿಲ್ಲಿಸುವಾಗ ಮತ್ತು ಶಕ್ತಿ ಏರಿಸುವಾಗ ಅದು ಚೌಕಟ್ಟಿಗೆ ಹೋಲಿಸಿದರೆ ಕಣ್ಣಿಗೆ ಕಾಣುವಷ್ಟು ಅಲುಗುತ್ತದೆ. ಹೊರಕವಚವನ್ನು ಎಂಜಿನ್ ಹೊತ್ತ ಉಕ್ಕಿನ ಕೊಳವೆಗೋ ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಬೆಂಕಿತಡೆ ಗೋಡೆಯಾದ ಫೈರ್‌ವಾಲಿಗೋ ಮಾತ್ರ ಬಿಗಿದಿದ್ದರೆ, ಎಂಜಿನ್ ಅಲುಗಿದಾಗಲೆಲ್ಲ ಒಳತಂತಿ ಲಿವರನ್ನು ತಳ್ಳಿ ಎಳೆಯುತ್ತದೆ, ಪೈಲಟ್ ಹಿಡಿಯನ್ನು ಮುಟ್ಟದಿದ್ದರೂ ವೇಗ ಬದಲಾಗುತ್ತದೆ. ಆದ್ದರಿಂದ ಕವಚದ ಕೊನೆಯ ಕ್ಲಾಂಪ್ ಕಾರ್ಬ್ಯುರೇಟರಿನ ಮೇಲೋ ಎಂಜಿನ್ನಿನ ಮೈಮೇಲೋ ಬೋಲ್ಟ್ ಮಾಡಿದ, ಬೆರಳಿಂದ ಒತ್ತಿದರೆ ಬಾಗದಂಥ ಬ್ರಾಕೆಟ್ಟಿನಲ್ಲಿರಬೇಕು, ಮತ್ತು ಫೈರ್‌ವಾಲಿನಿಂದ ಅಲ್ಲಿಗೆ ಬರುವ ಭಾಗ ಅಲುಗಾಟವನ್ನು ನುಂಗುವಂತೆ ಸಡಿಲವಾದ ಒಂದು ಬಾಗನ್ನು ಹೊಂದಿರಬೇಕು. ಈ ಬ್ರಾಕೆಟ್ಟಿಗೆ ತೆಳುವಾದ ಅಲ್ಯೂಮಿನಿಯಂ ತಗಡು ಬೇಡ; ಕಂಪನದಿಂದ ಅದು ಬಾಗಿದ ಗೆರೆಯಲ್ಲಿಯೇ ಬಿರುಕು ಬಿಡುತ್ತದೆ.

ಫೈರ್‌ವಾಲಿನ ರಂಧ್ರಕ್ಕೆ ಕೇಬಲ್ ತೂರಿ ಬರುವ, ನಡುವೆ ತಿರುಗುವ ಗೋಲವಿರುವ ಉಕ್ಕಿನ ಬಿಲ್ಲೆಯನ್ನು ಹಾಕಿ, ಉಳಿದ ಸಂದನ್ನು ಬೆಂಕಿ ತಡೆಯುವ ಸೀಲಂಟಿನಿಂದ ಮುಚ್ಚಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಅದರ ಬಿಲ್ಲೆ ಇಲ್ಲಿ ಪ್ರಯೋಜನಕ್ಕೆ ಬಾರದು.

ಲಿವರಿನ ಕೂಡುಭಾಗದಲ್ಲಿ ರಾಡ್ ಎಂಡ್ ಬೇರಿಂಗ್ (ಕೇಬಲಿನ ತುದಿಗೆ ತಿರುಪಿ ಕೂರಿಸುವ, ಒಳಗೆ ತಿರುಗುವ ಗೋಲವಿರುವ ಬಳೆ) ಬಳಸುವುದಾದರೆ, ಅದರ ತೆರೆದ ಬದಿಗೆ ಬೇರಿಂಗಿನ ಹೊರಬಳೆಗಿಂತ ಅಗಲವಾದ ವಾಷರನ್ನು ಹಾಕಿ. ಒಳಗಿನ ಗೋಲ ಸವೆದು ಕಳಚಿದರೂ ಕೇಬಲ್ ಲಿವರಿನಿಂದ ಬೇರ್ಪಡುವುದಿಲ್ಲ. ಕೂಡುಭಾಗ ತಿರುಗುವಂಥದ್ದಾದ್ದರಿಂದ ರಂಧ್ರವಿರುವ ಬೋಲ್ಟ್, ಕೊತ್ತಳದಂತೆ ಸೀಳಿದ ತಲೆಯ ನಟ್ ಮತ್ತು ಕಾಟರ್ ಪಿನ್ ಬಳಸಬೇಕು. ನೈಲಾನ್ ಉಂಗುರದ ಲಾಕ್ ನಟ್ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಿಡಿತ ಕಳೆದುಕೊಳ್ಳುವುದರಿಂದ ಫೈರ್‌ವಾಲಿನ ಮುಂಭಾಗದಲ್ಲಿ ಅದಕ್ಕೆ ಜಾಗವಿಲ್ಲ. ರಾಡ್ ಎಂಡಿನೊಳಗೆ ಕೇಬಲಿನ ತಿರುಪು ಸಾಕಷ್ಟು ಹೊಕ್ಕಿದೆಯೇ ಎಂದು ಪರೀಕ್ಷಾ ರಂಧ್ರದ ಮೂಲಕ ನೋಡಿ, ನಂತರವೇ ಅದರ ಬಿಗಿನಟ್ಟನ್ನು ಬಿಗಿಯಿರಿ.

ಹೊಂದಾಣಿಕೆಯಲ್ಲಿ ಮರೆಯಬಾರದ ನಿಯಮವೆಂದರೆ, ಎರಡೂ ತುದಿಗಳಲ್ಲಿ ಕಾರ್ಬ್ಯುರೇಟರಿನ ತಡೆ ಮೊದಲು ತಾಗಬೇಕು, ಕಾಕ್‌ಪಿಟ್ಟಿನ ತಡೆ ಆಮೇಲೆ. ಪೂರ್ಣ ಶಕ್ತಿಯಲ್ಲಿ ಗುಂಡಿ ಮತ್ತು ಪ್ಯಾನೆಲ್ ನಡುವೆ ಸುಮಾರು 3 ಮಿಲಿಮೀಟರ್ ಅಂತರ ಉಳಿದರೆ ಕವಾಟ ಪೂರ್ತಿ ತೆರೆದಿದೆ ಎಂಬ ಭರವಸೆ ಸಿಗುತ್ತದೆ. ಐಡಲ್ ತುದಿಯಲ್ಲಿಯೂ ಅಷ್ಟೇ ಉಳಿಸಿ. ಆದರೆ ಬಿಂಗ್ ಕಾರ್ಬ್ಯುರೇಟರಿನ ಐಡಲ್ ತಡೆಯನ್ನು ಬಲವಾಗಿ ಎಳೆದರೆ ಅದು ಬಾಗಿಬಿಡಬಹುದಾದ್ದರಿಂದ, ಅಲ್ಲಿ ಕಾರ್ಬ್ಯುರೇಟರಿನ ತಡೆ ತಾಗಿದ ಕೂಡಲೇ ಕೈಯ ಬಲವನ್ನು ಕಾಕ್‌ಪಿಟ್ಟಿನ ತಡೆ ಹೊರುವಂತೆ ಹೊಂದಿಸಬೇಕು.

ಎಂಜಿನ್ ಚಾಲೂ ಮಾಡುವ ಮೊದಲು ಒಬ್ಬರು ಹಿಡಿಯನ್ನು ಪೂರ್ತಿ ಮುಂದಕ್ಕೂ ಹಿಂದಕ್ಕೂ ಸರಿಸುತ್ತಿರಲಿ, ಇನ್ನೊಬ್ಬರು ಎಂಜಿನ್ ಪಕ್ಕದಲ್ಲಿ ನಿಂತು ಲಿವರ್ ಎರಡೂ ತಡೆಗಳನ್ನು ಮುಟ್ಟುವುದನ್ನು ಕಣ್ಣಾರೆ ನೋಡಿ ಹೇಳಲಿ. ಇಗ್ನಿಷನ್ ಆರಿರಬೇಕೆಂಬುದನ್ನೂ, ಪ್ರೊಪೆಲರಿನ ಸುತ್ತಳತೆಯೊಳಗೆ ಯಾರೂ ನಿಲ್ಲಬಾರದೆಂಬುದನ್ನೂ ಇಲ್ಲಿ ಒತ್ತಿ ಹೇಳಬೇಕಾಗಿದೆ. ಕಂಟ್ರೋಲ್ ಸ್ಟಿಕ್ಕನ್ನು ಎಲ್ಲ ಮೂಲೆಗಳಿಗೂ ಒಯ್ದು ಅದು ಕೇಬಲಿಗೆ ತಾಗುತ್ತದೆಯೇ ಎಂದು ನೋಡಿ. ಎಂಜಿನ್ನಿನ ಮುಚ್ಚಳ ಹಾಕಿದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಏಕೆಂದರೆ ಮುಚ್ಚಳವೇ ಲಿವರಿಗೆ ಅಡ್ಡ ಬರುವುದುಂಟು. ಬಳಿಕ ವಿಮಾನವನ್ನು ಬಿಗಿಯಾಗಿ ಕಟ್ಟಿಹಾಕಿ ಎಂಜಿನ್ ಓಡಿಸಿ: ಐಡಲ್ ಪ್ರತಿ ಬಾರಿಯೂ ಒಂದೇ ವೇಗಕ್ಕೆ ಮರಳಬೇಕು, ಪೂರ್ಣ ಶಕ್ತಿಯಲ್ಲಿ ತಯಾರಕರು ಹೇಳಿದ ಸ್ಥಿರ ವೇಗ ಸಿಗಬೇಕು, ಕೈ ಬಿಟ್ಟಾಗ ಹಿಡಿ ಇದ್ದಲ್ಲಿಯೇ ಇರಬೇಕು. ಎಂಜಿನ್ ನಿಲ್ಲಿಸಿ ಆರಿದ ನಂತರ ಮುಚ್ಚಳ ತೆಗೆದು ಕ್ಲಾಂಪುಗಳು ಜಾರಿಲ್ಲವೆಂದು ಖಚಿತಪಡಿಸಿಕೊಂಡು, ಪ್ರತಿ ಕ್ಲಾಂಪಿನ ಅಂಚಿನಲ್ಲಿ ಕವಚದ ಮೇಲೆ ಬಣ್ಣದ ಗೆರೆಯೊಂದನ್ನು ಎಳೆಯಿರಿ. ಮುಂದಿನ ತಪಾಸಣೆಯಲ್ಲಿ ಆ ಗೆರೆ ಸರಿದಿದ್ದರೆ ಕ್ಲಾಂಪ್ ಸಡಿಲವಾಗಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.